ರಾಕ್ಷಸನ ಬೆಲ್ಲ ಬರಲಿಲ್ಲ

ಬಹಳ ಹಿಂದೆ, ಮರಗಳು ಇನ್ನೂ ಮಾತು ಬಿಟ್ಟಿರದ ಕಾಲದಲ್ಲಿ, ಮುತ್ತಗಿರಿ ಅಂತ ಒಂದು ರಾಜ್ಯ ಇತ್ತು. ಊರ ಹಿಂದೆ ಒಬ್ಬ ರಾಕ್ಷಸ ಮಲಗಿದ್ದ. ದಿನಾ ಸೂರ್ಯ ಮುಳುಗೋದ್ರೊಳಗೆ ಅವನ ಬಾಯಿಗೆ ಒಂದು ಅಚ್ಚು ಬೆಲ್ಲ ಹಾಕಬೇಕು. ಅವತ್ತು ಕಾಸಿದ್ದೇ ಆಗಬೇಕು, ನಿನ್ನೆಯದಾದ್ರೆ ಉಗೀತಿದ್ದ. ಬೆಲ್ಲ ತಪ್ಪಿದ್ರೆ ಎದ್ದು ಊರನ್ನೇ ತಿಂತಾನೆ. ಹಾಕೋ ಕೆಲಸ ಅರಮನೆ ಉಗ್ರಾಣ ನೋಡ್ಕೊಳ್ಳೋ ಸಣ್ಣತಾಯಮ್ಮಂದು. ಬಾಯಿ ಪಕ್ಕ ನಿಲ್ಲೋಳು ಅವಳೇ ಆದ್ರಿಂದ ಮೊದಲ ತುತ್ತೂ ಅವಳೇ.

ಒಬ್ಬರನ್ನೇ ನಂಬೋದು ಬೇಡ ಅಂತ ಅವಳು ಮೂರು ಕಡೆಯಿಂದ ತರಿಸ್ತಿದ್ದಳು. ನೀರಲ್ಲಿ ಮೊಸಳೆ, ನೆಲದಲ್ಲಿ ಕತ್ತೆ, ಆಕಾಶದಲ್ಲಿ ಆನೆ ಗಾತ್ರದ ಹದ್ದು. ಈ ಬುದ್ಧಿಗೆ ಮೆಚ್ಚಿ ರಾಜ ಶಾಲು ಹೊದಿಸಿದ್ದ.

ಒಂದು ಬೆಳಿಗ್ಗೆ ಮೊಸಳೆ ಬರಿಬಾಯಲ್ಲಿ ಬಂತು. "ಹೋಗ್ಲಿ, ಕತ್ತೆ ಇದೆ" ಅಂದಳು. ಕತ್ತೆ ಬರಿಬೆನ್ನಲ್ಲಿ ಬಂತು. "ಹೋಗ್ಲಿ, ಹದ್ದು ಇದೆ" ಅಂದಳು. ಹದ್ದು ಬರಿಗಾಲಲ್ಲಿ ಬಂತು.

"ನೀನು ಬೆಲ್ಲ ಎಲ್ಲಿಂದ ತರ್ತೀಯೋ?" ಅಂತ ಮೊದಲು ಮೊಸಳೇನ ಕೇಳಿದಳು.

"ಮಾಂತ್ರಿಕ ಧೂಮಕಾಳನ ಆಲೆಮನೆಯಿಂದ" ಅಂತು ಮೊಸಳೆ.

"ನೀನು?"

"ನಾನೂ ಅಲ್ಲಿಂದಾನೇ" ಅಂತು ಕತ್ತೆ.

ಹದ್ದು ತಾನಾಗೇ ತಲೆ ತಗ್ಗಿಸ್ತು. "ನೀವು ಯಾವತ್ತೂ ಕೇಳಿರ್ಲೇ ಇಲ್ವಲ್ಲ ತಾಯಿ."

ಸಣ್ಣತಾಯಮ್ಮ ನಿಂತಲ್ಲೇ ಕೂತಳು. ಸುದ್ದಿ ಕೇಳಿ ರಾಜ ಸಿಂಹಾಸನ ಬಿಟ್ಟು ನೆಲದ ಮೇಲೆ ಕೂತ. ಅವನು ಯಾಕೆ ಕೂತ ಅಂತ ಗೊತ್ತಾದ ಮೇಲೆ ಸಭೆಯೂ ಕೂತ್ಕೊಂತು.

ಎದ್ದವಳು ಅವಳೊಬ್ಬಳೇ. ಹದ್ದು ಹತ್ತಿ ಆಲೆಮನೆಗೆ ಹೋದಳು. ಒಲೆ ತಣ್ಣಗಿತ್ತು. ಮಂತ್ರ ಹಾಕಿ ಎತ್ತು ಮಾಡಿದ್ದ ಜನ ಗಾಣದ ಹತ್ರ ಸುಮ್ಮನೆ ನಿಂತಿದ್ರು.

ಧೂಮಕಾಳ ನಕ್ಕ. "ಒಲೆ ಆರಿಸಿದೀನಿ. ರಾಕ್ಷಸ ಎಲ್ಲರನ್ನೂ ತಿಂದ್ಮೇಲೆ ಸಿಂಹಾಸನ ನನ್ದು. ಮೂರು ದಾರಿ, ಒಂದೇ ಒಲೆ! ನಿನ್ನಂಥ ದಡ್ಡೀನ ನೋಡೇ ಇಲ್ಲ ಕಣೇ."

"ತಪ್ಪು ನಂದೇ ಸ್ವಾಮಿ. ತಮ್ಮ ಜೀವ ಎಲ್ಲಿಟ್ಟಿದೀರಿ?"

"ಪಂಜರದ ಗಿಣೀಲಿ."

"ಒಂದೇ ಗಿಣಿ?"

"ಒಂದೇ."

"ಬೆಕ್ಕು ಬಂದ್ರೆ?"

ನಗು ನಿಂತಿತು. ಮುನ್ನೂರು ವರ್ಷದಲ್ಲಿ ಈ ಯೋಚನೆ ಅವನಿಗೆ ಬಂದಿರಲಿಲ್ಲ.

"ಮೂರು ಗಿಣಿಗೆ ಹಂಚಿಬಿಡಿ" ಅಂದಳು.

ಓಡಿಹೋಗಿ ಇನ್ನೆರಡು ಗಿಣಿ ಹಿಡ್ಕೊಂಡು ಬಂದ. ಮಂತ್ರ ಹೇಳಿ ಜೀವಾನ ಹೊರಗೆ ತೆಗೆದ. ಸಾಸಿವೆಯಷ್ಟಿತ್ತು. ಅಂಗೈ ಮೇಲೆ ಮೂರು ಪಾಲು ಮಾಡಿದ. ಇನ್ನು ಬಿಸಿ ಬೆಲ್ಲದಲ್ಲಿ ಅದ್ದಿ ತಿನ್ನಿಸಬೇಕು, ಇಲ್ಲಾಂದ್ರೆ ಗಿಣಿ ಮುಟ್ಟಲ್ಲ. ಇನ್ನೊಂದು ಕೈ ಚಾಚಿ, "ಎಲ್ಲಿ, ಬೆಲ್ಲ?" ಅಂದ.

ಎತ್ತುಗಳೆಲ್ಲ ಒಲೆ ಕಡೆ ನೋಡಿದವು.

"ನೀವೇ ಆರಿಸಿದ್ರಲ್ಲ ಸ್ವಾಮಿ" ಅಂದಳು ಸಣ್ಣತಾಯಮ್ಮ.

"ಅಯ್ಯೋ" ಅಂದ ಧೂಮಕಾಳ. ಗಾಳಿ ಬೀಸ್ತು, ಅಂಗೈ ಮೇಲಿದ್ದ ಜೀವ ಹಾರಿಹೋಯ್ತು. ಅಷ್ಟೇ, ಅವನಿಲ್ಲ.

ಎತ್ತುಗಳು ಮನುಷ್ಯರಾಗಿ, ಸೊಂಟ ನೆಟ್ಟಗೆ ಮಾಡ್ಕೊಂಡು ಒಲೆ ಹಚ್ಚಿದ್ರು. ಕಾಸಿದ ಬೆಲ್ಲ ಹಿಡ್ಕೊಂಡು ಅವಳು ಹದ್ದು ಹತ್ತಿ ಊರಿಗೆ ವಾಪಸ್ ಬಂದಳು. ರಾಕ್ಷಸ ಒಂದು ಕಣ್ಣು ಬಿಟ್ಟು ಸಣ್ಣತಾಯಮ್ಮನ ಸೆರಗು ಅಗಿಯೋ ಹೊತ್ತಿಗೆ ಬೆಲ್ಲ ಬಾಯಿಗೆ ಬಿತ್ತು. ಕಣ್ಣು ಮುಚ್ಚಿತು.

ಆಮೇಲೆ ಮೂರು ಊರಲ್ಲಿ ಮೂರು ಆಲೆಮನೆ ಆದವು. ಯಾವುದಕ್ಕೆ ಯಾವ ಗದ್ದೆ ಕಬ್ಬು, ಯಾವ ಗದ್ದೆಗೆ ಯಾವ ಕೆರೆ ನೀರು ಅಂತ ಅವಳೇ ನಡೆದು ನೋಡಿ ಬಂದಳು.

"ಇನ್ನು ಭಯ ಇಲ್ಲ ತಾನೇ?" ಕೇಳಿದ ರಾಜ.

"ಇದೆ ಮಹಾಸ್ವಾಮಿ. ಎಲ್ಲೆಲ್ಲಿದೆ ಅಂತ ಈಗ ಗೊತ್ತಿದೆ."

ಅಲ್ಲಿಂದಾಚೆ ಮುತ್ತಗಿರಿಯ ಜನ ಹೊತ್ತಿಗೆ ಸರಿಯಾಗಿ ಉಂಡು, ಕಣ್ತುಂಬಾ ಮಲಗಿ ಸುಖವಾಗಿದ್ರು. ರಾಕ್ಷಸನೂ ಅಷ್ಟೇ.