ಅರ್ಧ ಎಳೆದ ಹಿಡಿಕೆ

ಲೈಲ್‌ನ ಪಿಸ್ತೂಲು ನನ್ನ ಕಿವಿಯ ಹಿಂದೆ ಒತ್ತಿಕೊಂಡಿತ್ತು.

ಕಬ್ಬಿಣ ತಣ್ಣಗಿತ್ತು. ಹಿಡಿದ ಕೈ ನಡುಗುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಭಯವಾಗಿದ್ದು ಆ ನಡುಕಕ್ಕೆ.

"ಮೆಷಿನ್ ನೋಡು ವರ್ನಾ," ಎಂದ. "ಈ ನನ್ಮಗ ಬೇಕಂತಲೇ ಅದನ್ನ ಕೆಡಿಸಿಟ್ಟಿದ್ದ ಅಂತ ನಿನ್ನ ಬಾಯಿಂದ ಕೇಳಬೇಕು. ಆಮೇಲೆ ನಾನುಂಟು, ಅವನುಂಟು."

ಅವನು ಬೈದದ್ದು ಆರಿನ್‌ಗೆ. ಗ್ಯಾರೇಜಿನ ಮೂಲೆಯಲ್ಲಿ ಬಣ್ಣದ ಡಬ್ಬದ ಮೇಲೆ ಕೂತಿದ್ದ. ತುಟಿ ಒಡೆದು ಗಡ್ಡಕ್ಕೆಲ್ಲ ರಕ್ತ ಇಳಿದಿತ್ತು. ಗ್ಯಾರೇಜೂ ಅವನದೇ, ಗುಂಡು ತಯಾರಿಸುವ ಮೆಷಿನ್ನೂ ಅವನದೇ.

ಆದದ್ದಿಷ್ಟು. ಬೆಳಿಗ್ಗೆ ಶೂಟಿಂಗ್ ಕ್ಲಬ್ಬಿನ ಪಂದ್ಯದಲ್ಲಿ ಲೈಲ್‌ನ ಅಣ್ಣ ಗಾರ್ತ್ ಗುರಿಯಿಟ್ಟು ಟ್ರಿಗರ್ ಒತ್ತಿದ. ಪಿಸ್ತೂಲು ಅವನ ಕೈಯಲ್ಲೇ ಸಿಡಿಯಿತು. ಈಗ ಅವನು ಬಾಯ್ಸಿ ನಗರದ ಆಸ್ಪತ್ರೆಯಲ್ಲಿದ್ದ. ಬಲಗೈಯ ಹೆಬ್ಬೆರಳು ಉಳಿದಿರಲಿಲ್ಲ. ಗುಂಡು ಬಂದದ್ದು ಆರಿನ್ ಹೆಸರಿನ ಡಬ್ಬದಿಂದ. ಹೋದ ವಾರವಷ್ಟೇ ಗಾರ್ತ್, ಆರಿನ್ ಇಬ್ಬರೂ ಅಂಕದ ವಿಷಯಕ್ಕೆ ಎಲ್ಲರ ಮುಂದೆ ಕಿತ್ತಾಡಿದ್ದರು.

ಇನ್ನೇನು ಬೇಕು? ಊರೆಲ್ಲ ಆರಿನ್‌ಗೆ ಆಗಲೇ ಶಿಕ್ಷೆ ಬರೆದಾಗಿತ್ತು.

ಈ ಕಣಿವೆಯಲ್ಲಿ ಯಾರ ಗುಂಡು ತುಂಬುವ ಪ್ರೆಸ್ ಕೆಟ್ಟರೂ ನನ್ನನ್ನು ಕರೆಯುತ್ತಾರೆ. ಯಾರ ಪಿಸ್ತೂಲು ಸಿಡಿದರೂ ಕ್ಲಬ್ಬಿನವರು ನನ್ನನ್ನೇ ಅಟ್ಟುತ್ತಾರೆ. ಇವತ್ತು ಎರಡೂ ಒಟ್ಟಿಗೆ ಬಂದಿದ್ದವು. ನನ್ನ ಫೋನು ಲೈಲ್‌ನ ಜೇಬಿನಲ್ಲಿತ್ತು. ಶೆರಿಫ್‌ನನ್ನು ಕರೆಯುವ ಮಾತೇ ಇರಲಿಲ್ಲ.

"ನಾನು ಗಾರ್ತ್‌ಗೆ ಗುಂಡು ತುಂಬಿಕೊಡೋದು ಬಿಟ್ಟೆ ಅಂತ ಅವನ ಮುಖಕ್ಕೇ ಹೇಳಿದ್ದೆ," ಎಂದ ಆರಿನ್. "ಆ ಗುಂಡು ನಂದಲ್ಲ ಕಣೋ."

"ಬಾಯ್ಮುಚ್ಚು. ಡಬ್ಬದ ಮೇಲೆ ನಿನ್ನ ಹೆಸರಿದೆ."

"ಇಬ್ಬರೂ ಬಾಯ್ಮುಚ್ಚಿ," ಎಂದೆ. "ನನಗೆ ಕೆಲಸ ಮಾಡೋಕೆ ಬಿಡಿ."

ಮೆಷಿನ್ ಚಾಲೂ ಮಾಡಿದೆ. ಮೇಲಿನ ಡ್ರಮ್ಮಿನಲ್ಲಿ ಗುಂಡಿನ ಖಾಲಿ ಹಿತ್ತಾಳೆ ಕೇಸುಗಳು ಗಲಗಲ ಎನ್ನುತ್ತ ತಿರುಗಿದವು. ಒಂದೊಂದೇ ಕೊಳವೆಗೆ ಇಳಿದವು. ಕೆಳಗೆ ಒಂದು ಸಣ್ಣ ತೋಳು ಕೇಸನ್ನು ದುಂಡು ತಟ್ಟೆಯೊಳಕ್ಕೆ ತಳ್ಳುತ್ತದೆ. ಹಿಡಿಕೆಯನ್ನು ಪೂರ್ತಿ ಕೆಳಗೆಳೆದು ಪೂರ್ತಿ ಮೇಲೆ ಬಿಟ್ಟರೆ ತಟ್ಟೆ ಒಂದು ಮನೆ ಮುಂದಕ್ಕೆ ತಿರುಗುತ್ತದೆ. ಒಂದು ಮನೆಯಲ್ಲಿ ಕೇಸಿಗೆ ಸಿಡಿಮದ್ದು ಬೀಳುತ್ತದೆ. ಮುಂದಿನದರಲ್ಲಿ ಗುಂಡಿನ ತಲೆ ಕೂರುತ್ತದೆ.

ಎಳೆದೆ. ಸರಿಯಾಗಿತ್ತು. ಮತ್ತೆ ಎಳೆದೆ. ಅದೂ ಸರಿ.

ಮತ್ತೊಮ್ಮೆ ಎಳೆದೆ... ಟಕ್.

ಕೇಸು ತಟ್ಟೆಯ ಬಾಯಲ್ಲಿ ಮಗುಚಿಕೊಂಡು ಬಿತ್ತು. ಹಿಡಿಕೆ ಅರ್ಧಕ್ಕೆ ನಿಂತಿತು.

ಡ್ರಮ್ಮು ನೋಡಿದೆ. ಕೇಸು ತಲೆಕೆಳಗಾಗಿ ಇಳಿಯುತ್ತಿರಲಿಲ್ಲ. ಕೊಳವೆಗೆ ಊದಿದೆ. ಅದೂ ಸ್ವಚ್ಛವಾಗಿತ್ತು. ತಳ್ಳುವ ತೋಳಿಗೆ ಟಾರ್ಚ್ ಬಿಟ್ಟೆ. ತೋಳು ಒಂದು ಕಡೆ ಬಾಗಿತ್ತು. ಅದರ ಮೈಮೇಲೆ ಇಕ್ಕಳ ಕಚ್ಚಿದ ಗುರುತುಗಳು ಹೊಸದಾಗಿ ಹೊಳೆಯುತ್ತಿದ್ದವು. ತಟ್ಟೆಯ ಕೆಳಗೆ ಮದ್ದಿನ ಕಾಳು ಚೆಲ್ಲಿತ್ತು.

ಬಿದ್ದ ಕೇಸನ್ನು ಬೆಳಕಿಗೆ ಹಿಡಿದೆ. ಗಿಡ್ಡ ಕೇಸು. ಬೇರೆಯದೇ ಅಳತೆ. ಡ್ರಮ್ಮಿಗೆ ಕೈ ಹಾಕಿ ಒಂದು ಹಿಡಿ ತೆಗೆದೆ. ಗಿಡ್ಡದ್ದು, ಉದ್ದದ್ದು, ಮಣ್ಣು, ಹುಲ್ಲು... ಎಲ್ಲ ಕಲಸುಮೇಲೋಗರ. ಶೂಟಿಂಗ್ ರೇಂಜಿನ ನೆಲದಿಂದ ಗುಡಿಸಿ ತಂದು ಹಾಗೇ ಸುರಿದ ಸರಕು.

ನನ್ನ ಮೈ ಉರಿದುಹೋಯಿತು. ಆರಿನ್ ಊಟದ ಬಟಾಣಿಯನ್ನೂ ವಿಂಗಡಿಸಿ ತಿನ್ನುವ ಮನುಷ್ಯ. ತೊಳೆದು, ಒಣಗಿಸಿ, ಅಳತೆ ಬೇರೆ ಮಾಡದೆ ಡ್ರಮ್ಮಿಗೆ ಒಂದು ಕೇಸೂ ಹಾಕುವುದಿಲ್ಲ.

ಇನ್ನೊಬ್ಬನ ಪ್ರೆಸ್ ಮುಟ್ಟಬಾರದು. ಈ ಕಣಿವೆಯಲ್ಲಿ ಹೆಂಡತಿಯ ಟ್ರಕ್ಕನ್ನಾದರೂ ಕೇಳದೆ ಒಯ್ಯುತ್ತಾರೆ, ಪ್ರೆಸ್ ಮುಟ್ಟುವುದಿಲ್ಲ. ಯಾವನೋ ಮುಟ್ಟಿದ್ದ, ಸಿಕ್ಕಿಕೊಂಡಾಗ ಇಕ್ಕಳ ಹಾಕಿ ಎಳೆದಿದ್ದ.

"ಏನು ನೋಡ್ತಾ ನಿಂತೆ?" ಲೈಲ್ ಗದರಿದ. "ನಡೆಸು."

"ಸಿಕ್ಕಿಕೊಂಡಿದೆ."

"ಅಯ್ಯೋ, ಅಷ್ಟೂ ಗೊತ್ತಿಲ್ವೇನೇ? ಬಿದ್ದ ಕೇಸನ್ನ ಬೆರಳಲ್ಲಿ ಎತ್ತಿಬಿಸಾಕು. ಹಿಡಿಕೆ ಪೂರ್ತಿ ಮೇಲೆ ಬಿಡಬೇಡ, ಅಲ್ಲಿಂದಲೇ ಮತ್ತೆ ಎಳಿ. ಹೋಗುತ್ತೆ."

ಮೂಲೆಯಲ್ಲಿ ಆರಿನ್ ತಲೆಯೆತ್ತಿದ.

ಅವನು ಹೇಳಿದ ಹಾಗೇ ಮಾಡಿದೆ. ಕೇಸು ಎತ್ತಿದೆ. ಹಿಡಿಕೆಯನ್ನು ಮೇಲೆ ಬಿಡದೆ ಅರ್ಧದಿಂದಲೇ ಮತ್ತೆ ಎಳೆದೆ. ಮದ್ದಿನ ಮನೆಯಲ್ಲಿದ್ದ ಕೇಸನ್ನು ಹೊರತೆಗೆದು ತಕ್ಕಡಿಯ ತಟ್ಟೆಗೆ ಸುರಿದೆ.

"ನೋಡು," ಎಂದೆ.

"ಏನು?"

"ಇರಬೇಕಾದ್ದಕ್ಕೆ ಎರಡರಷ್ಟು ಮದ್ದು. ಹಿಡಿಕೆ ಪೂರ್ತಿ ಮೇಲೆ ಹೋಗದೆ ತಟ್ಟೆ ತಿರುಗಲ್ಲ. ತಿರುಗದಿದ್ರೆ ಅದೇ ಕೇಸಿಗೆ ಮದ್ದು ಇನ್ನೊಂದ್ಸಲ ಬೀಳುತ್ತೆ. ಮೇಲೆ ಗುಂಡಿನ ತಲೆ ಕೂತರೆ ದೇವರಿಗೂ ಗೊತ್ತಾಗಲ್ಲ." ನಿಧಾನಕ್ಕೆ ತಿರುಗಿದೆ. ಪಿಸ್ತೂಲಿನ ಬಾಯಿ ಈಗ ನನ್ನ ಮೂಗಿಗೆ ನೇರವಾಗಿತ್ತು. "ಈ ಮೆಷಿನ್ ಸಿಕ್ಕಿಕೊಳ್ಳುತ್ತೆ ಅಂತ ನಿನಗೆ ಹೇಗೆ ಗೊತ್ತು ಲೈಲ್? ಅರ್ಧಕ್ಕೆ ಎಳೆದರೆ ಹೋಗುತ್ತೆ ಅಂತ ಯಾರು ಹೇಳಿದ್ರು?"

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ನಾನು ಚರ್ಚಿನ ಊಟಕ್ಕೆ ಹೋಗಿದ್ದಾಗ..." ಆರಿನ್ ಎದ್ದು ನಿಂತ. "ನನ್ನ ಗ್ಯಾರೇಜಿಗೆ ನುಗ್ಗಿದ್ದು ನೀನಾ?"

"ನೀನು ಗುಂಡು ಕೊಡಲ್ಲ ಅಂದೆ!" ಲೈಲ್ ಕಿರುಚಿದ. "ಅಣ್ಣನಿಗೆ ಪಂದ್ಯಕ್ಕೆ ಗುಂಡಿರಲಿಲ್ಲ. ಇಲ್ಲೇ ತುಂಬಿ ನಿನ್ನ ಖಾಲಿ ಡಬ್ಬದಲ್ಲಿ ಒಯ್ದೆ. ನಾನು ಬರ್ತೀನಿ ಅಂತ ಗೊತ್ತಿದ್ದೇ ನೀನು ಮೆಷಿನ್ ಕೆಡಿಸಿಟ್ಟಿದ್ದೆ. ನೀನೇ!"

ಪಿಸ್ತೂಲು ಆರಿನ್ ಕಡೆ ಹೊರಳಿತು.

ಆರಿನ್ ಕಾಲಿಗೆ ಬುದ್ಧಿ ಹೇಳಿದ. ಪಕ್ಕದ ಬಾಗಿಲು ಒದ್ದು ಹೊರಗೋಡಿದ. ಲೈಲ್ ಅವನ ಹಿಂದೆ. ನಾನು ಲೈಲ್‌ನ ಹಿಂದೆ.

ಆಲೂಗಡ್ಡೆ ಹೊಲಕ್ಕೆ ನೀರು ಬಿಟ್ಟಿದ್ದರು. ಸಾಲುಗಳಲ್ಲಿ ಬೂಟು ಹೂತು ಹೋಗುತ್ತಿತ್ತು. ಆರಿನ್ ನೀರಿನ ಪೈಪು ಎಡವಿ ಬೋರಲು ಬಿದ್ದ. ಏಳಲು ನೋಡಿದ. ಕೆಸರಿನಲ್ಲಿ ಮೊಣಕೈ ಜಾರಿತು.

ಲೈಲ್ ನಿಂತ. ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು ಅವನ ಬೆನ್ನಿಗೆ ಗುರಿಯಿಟ್ಟ.

ನಾನು ದೂರವಿದ್ದೆ. ಅವನ ಮೇಲೆ ಬೀಳುವಷ್ಟು ಹತ್ತಿರ ತಲುಪುವಂತಿರಲಿಲ್ಲ. ಉಳಿದದ್ದು ಬಾಯೊಂದೇ.

"ಲೈಲ್! ಆ ಪಿಸ್ತೂಲಿನಲ್ಲಿ ಯಾವ ಗುಂಡು ಹಾಕಿದೀಯ?"

ಅವನು ಅಲ್ಲಾಡಲಿಲ್ಲ.

"ಗಾರ್ತ್‌ನ ಬ್ಯಾಗಿನಿಂದ ತಗೊಂಡೆ ತಾನೆ? ಅದೇ ಡಬ್ಬ. ನೀನೇ ತುಂಬಿದ್ದು." ಏದುಸಿರು ಬಿಡುತ್ತಲೇ ಹತ್ತಿರ ನಡೆದೆ. ಸಿಟ್ಟಿಗೆ ನನ್ನ ದನಿಯೇ ಒಡೆದಿತ್ತು. "ಎಷ್ಟು ಸಲ ಕೇಸು ಬಿತ್ತು? ಎಷ್ಟು ಸಲ ಅರ್ಧಕ್ಕೆ ಎಳೆದೆ? ನೆನಪಿದೆಯಾ ಮಹರಾಯ? ಮೆಷಿನ್ ಕೆಡಿಸಿದ್ದು ಆರಿನ್ ಅಂತೀಯಲ್ಲ, ಹಾಗಾದ್ರೆ ನಿನ್ನ ಗುಂಡಿನ ಮೇಲೆ ನಿನಗೇನೂ ಅನುಮಾನ ಇರಬಾರದು. ಒತ್ತು. ಒತ್ತೋ!"

ಗಾಳಿ ಬೀಸುತ್ತಿತ್ತು. ಆರಿನ್ ಕೆಸರಿನಲ್ಲಿ ಮುಖವಿಟ್ಟು ಏನೋ ಪ್ರಾರ್ಥನೆ ಹೇಳುತ್ತಿದ್ದ.

ಲೈಲ್ ತನ್ನ ಬಲಗೈ ನೋಡಿಕೊಂಡ. ಹೆಬ್ಬೆರಳು ನೋಡಿಕೊಂಡ.

ಟ್ರಿಗರ್‌ನಿಂದ ಬೆರಳು ಹೊರಬಂತು. ಅವನು ಸಾಲಿನ ಮೇಲೆ ಕೂತುಬಿಟ್ಟ. ನಾನು ಪಿಸ್ತೂಲು ಕಿತ್ತುಕೊಂಡು ಒಂದೊಂದಾಗಿ ಗುಂಡು ಉದುರಿಸಿದೆ. ಎರಡು ಬಾರಿಸಬೇಕು ಅನ್ನಿಸಿತು. ಬಾರಿಸಿದೆ ಕೂಡ. ಒಂದೇ. ಕಪಾಳಕ್ಕೆ.

"ನಾನು ಬೇಕಂತ ಮಾಡಲಿಲ್ಲ ವರ್ನಾ..."

"ಆರಿನ್ ಕೂಡ ತಾನು ಮಾಡಿಲ್ಲ ಅಂತಿದ್ದ. ನೀನು ಅವನ ಬಾಯಿ ಒಡೆದೆ."

ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವನದೇ ಫೋನು. ತೆಗೆದು ನೋಡಿದ, ಮುಖ ಸುಣ್ಣವಾಯಿತು. ನನ್ನ ಕಡೆ ಚಾಚಿದ. ಕಿವಿಗಿಟ್ಟೆ.

ಗಾರ್ತ್‌ನ ದನಿ. ಆಸ್ಪತ್ರೆಯ ಮದ್ದಿನಿಂದ ನಾಲಿಗೆ ಹೊರಳುತ್ತಿರಲಿಲ್ಲ.

"ಲೈಲ್... ನನ್ನ ಕೈ ಹಾಳು ಮಾಡಿದವನು ಸಿಕ್ಕಿದ್ನಾ?"

"ನಾನು ವರ್ನಾ. ಸಿಕ್ಕಿದ," ಎಂದೆ. "ಇಲ್ಲೇ ಇದ್ದಾನೆ. ಕೊಡ್ತೀನಿ, ಅವನ ಬಾಯಿಂದಲೇ ಕೇಳು."

ಫೋನನ್ನು ಲೈಲ್‌ನ ಮಡಿಲಿಗೆ ಹಾಕಿದೆ. ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಅದನ್ನು ಕಿವಿಯವರೆಗೆ ಎತ್ತಲು ಎರಡೂ ಕೈ ಬೇಕಾಯಿತು.

ಪುಣ್ಯವಂತ. ಅವನಿಗೆ ಎರಡೂ ನೆಟ್ಟಗಿದ್ದವು.