ಗೋಡೆಯೊಳಗಿನ ಕೇಬಲ್

ಕೇಬಲ್ ಎಳೆಯುವುದೇ ನನ್ನ ಹೊಟ್ಟೆಪಾಡು. ಆನ್‌ಲೈನ್ ಗೇಮ್ ಪದೇ ಪದೇ ಕಟ್ ಆಗುತ್ತದೆಂದು ಭಾವ ಗೊಣಗಿದ್ದಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ರೂಟರ್ ಹಿಂದೆ ಗೋಡೆಯಿಂದ ಎರಡು ಕೇಬಲ್ ಇಳಿಬಿದ್ದಿದ್ದವು. ಮಹಡಿಯ ಗೇಮ್ ಕನ್ಸೋಲಿಗೆ ಹೋಗುವುದು ಯಾವುದೆಂದು ತಿಳಿಯಬೇಕಿತ್ತು. ಭಾವನನ್ನು ಮೇಲೆ ಕನ್ಸೋಲಿನ ಬಳಿಗೆ ಕಳಿಸಿದೆ.

“ಭಾವಾ, ಎಳೀತೀನಿ. ಅಲ್ಲಾಡಿದ್ರೆ ನೀವೂ ಎಳೀರಿ!”

ಒಂದನ್ನು ಎಳೆದೆ. ಆ ಕಡೆಯಿಂದಲೂ ಮೆಲ್ಲಗೆ ಎಳೆದರು. “ಸಾಕು ಬಿಡಿ,” ಎಂದರೂ ಬಿಡಲಿಲ್ಲ. ಕೇಬಲ್ ಯಾರದೋ ಕೈಯಂತೆ ಬೆಚ್ಚಗಿತ್ತು.

“ಇನ್ನೂ ಎಳೆದಿಲ್ವೇನೋ? ಇಲ್ಲೇನೂ ಅಲ್ಲಾಡ್ತಿಲ್ಲ,” ಮೇಲಿಂದ ಭಾವ ಕೂಗಿದರು.

ಅಕ್ಕನ ಮುಖ ಬಿಳಿಚಿಕೊಂಡಿತು. “ಅದು ಹಳೇದು ಕಣೋ. ಗೋಡೆಯೊಳಗೇ ಕತ್ತರಿಸಿ ಸಿಮೆಂಟ್ ಮೆತ್ತಿಸಿದ್ವಿ.”

ಇನ್ನೊಂದನ್ನು ಸಿಕ್ಕಿಸಿದೆ, ಗೇಮ್ ಸರಿಹೋಯಿತು. ಹಳೆಯದರ ತುದಿಗೆ ಗಂಟು ಹಾಕಿ, ಮೊಳದುದ್ದ ನೇತಾಡಲು ಬಿಟ್ಟು ಬಂದೆ.

ನಿನ್ನೆ ಅಕ್ಕ ಫೋನ್ ಮಾಡಿದ್ದಳು. ಗಂಟು ಈಗ ಗೋಡೆಗೆ ಕಚ್ಚಿಕೊಂಡು ನಿಂತಿದೆಯಂತೆ.