ಕಿಡಿಗಂಬಳಿಯ ಕರಣಶಾಲೆ

"ಸೆರಗಿನಲ್ಲಿ ಕೆಂಡ ಕಟ್ಟಿಕೊಳ್ಳಬೇಡ" ಎಂದು ಪದುಮಲೆಗೆ ಬಾಲ್ಯದಲ್ಲಿ ಅಜ್ಜಿ ಹೇಳುತ್ತಿದ್ದಳು. ಕಟ್ಟಿಕೊಳ್ಳದೆಯೂ ಕೆಂಡ ಬೆರಳ ತುದಿಯಲ್ಲೇ ಹುಟ್ಟಿದರೆ? ಅದನ್ನು ಅಜ್ಜಿ ಹೇಳಿರಲಿಲ್ಲ.

ಬಹುಕಾಲದ ಹಿಂದೆ, ಏಳು ಬೆಟ್ಟಗಳಾಚೆಯ ಹೊನ್ನರಿ ರಾಜ್ಯದಲ್ಲಿ, ಪದುಮಲೆ ಅರಸನ ಕರಣಶಾಲೆಯಲ್ಲಿ ಕುಳಿತು ರಾಜಾಜ್ಞೆಗಳನ್ನು ಓಲೆಗೆ ಇಳಿಸುತ್ತಿದ್ದಳು. ಅರಸನ ಮಾತು ಬರೆಯುವವರ ಪಾದ ಮಣ್ಣನ್ನು ಸೋಕಬಾರದೆಂಬುದು ಅಲ್ಲಿನ ಕಟ್ಟಳೆ. ಅದನ್ನೇ ನೆಪಮಾಡಿ ಮಾಂತ್ರಿಕ ಶುಷ್ಕದತ್ತ ನೆಲಕ್ಕೆಲ್ಲ ಮಾಯೆಯ ಕಂಬಳಿ ಹಾಸಿದ. ಗಾಳಿಯ ತೇವವನ್ನು ಗಡಿಗೆಯಲ್ಲಿ ಬಂಧಿಸಿದ. ಅಂದಿನಿಂದ ಬರೆಯುವ ಮಣೆಯ ಹಿತ್ತಾಳೆ ಅಂಚು ಮುಟ್ಟಿದರೆ ಚಟ್! ಓಲೆ ಕೊರೆಯುವ ಕಂಟ ಹಿಡಿದರೆ ಚಟ್! ಆ ಕಿಡಿಗಳನ್ನುಂಡು ಅವನು ಕೊಬ್ಬಿದ.

ಒಂದು ಸಂಜೆ ಓಡಿಬಂದ ಮಗಳು ಚೆಲುವಿಯ ಕೆನ್ನೆಗೂ ಚಟ್!

"ಅವ್ವಾ, ನೀನೇನು ಚೇಳಾ?" ಎಂದು ಮಗು ಕಂಬದ ಮರೆಗೆ ಸರಿಯಿತು. ಅದರ ತಲೆಯ ಹರಳೆಣ್ಣೆಯ ವಾಸನೆ ಮಣೆಯವರೆಗೂ ಬರುತ್ತಿತ್ತು. ತಾಯಿಯ ಕೈ ಅಲ್ಲಿಗೆ ಹೋಗುವಂತಿರಲಿಲ್ಲ.

ಶುಷ್ಕದತ್ತ ನಕ್ಕ. "ಮೂರು ಸಲ ಮುಟ್ಟಿ ನೋಡು. ಕಿಡಿ ಹಾರದಿದ್ದರೆ ನನ್ನ ಗಡಿಗೆ ಒಡೆಯಲಿ. ಮೂರನೆಯದೂ ಹಾರಿತೋ, ಮಗಳು ನಿನ್ನನ್ನು ಮರೆತಳು."

ಮೊದಲ ದಿನ ಪದುಮಲೆ ಕೈಗೆ ರೇಷ್ಮೆ ಸುತ್ತಿಕೊಂಡು ಮುಟ್ಟಿದಳು. ಚಟ್! ಎರಡನೆಯ ದಿನ ಕೈ ತೊಳೆದು ಬಂದಳು; ನಾಲ್ಕು ಹೆಜ್ಜೆಗೇ ಕಂಬಳಿ ಆ ತೇವವನ್ನು ಹೀರಿತು. ಚಟ್!

ಮೂರನೆಯ ದಿನ ಅರಸನೂ ನೋಡಲು ಬಂದ. ಆಗ ಕಂಬಳಿ ಮೆಲ್ಲನೆ ನುಡಿಯಿತು: "ತಾಯೀ, ನಾನು ಶಾಪಗೊಂಡ ಟಗರು. ನನ್ನ ಗೊರಸೂ ಮಣ್ಣಿಗಾಗಿ ಹಂಬಲಿಸುತ್ತಿದೆ. ನನ್ನನ್ನು ಸುತ್ತಿಡು. ಕಿಡಿಯನ್ನು ನೆಲಕ್ಕೆ ಬಿಟ್ಟು ಮಗುವನ್ನು ಮುಟ್ಟು."

ಪದುಮಲೆ ಕಂಬಳಿ ಸುತ್ತಿದಳು.

"ಎಲೆ ಹೆಣ್ಣೇ, ಕಟ್ಟಳೆ ಮುರಿದರೆ ಕೆಲಸ ಹೋದೀತು!" ಎಂದು ಹಿರಿಯ ಕರಣಿಕ ಕೂಗಿದ.

ಅವಳು ನೀರು ಚಿಮುಕಿಸಿ, ಬರಿಗಾಲೂರಿ, ಅಂಗೈಯನ್ನು ಮಣ್ಣಿಗೊತ್ತಿದಳು. "ಬಾ, ಕಂದಾ."

"ಕುಟುಕಲ್ಲ ತಾನೇ?"

"ಗೊತ್ತಿಲ್ಲ, ಮಗಳೇ. ಆದರೂ ಬಾ."

ಚೆಲುವಿ ಒಂದು ಬೆರಳು ಚಾಚಿದಳು. ಆಮೇಲೆ ಕೆನ್ನೆ. ಆಮೇಲೆ ಇಡೀ ಮೈ. ಕಿಡಿ ಹಾರಲಿಲ್ಲ.

ಗಡಿಗೆ ಒಡೆಯಿತು, ತಂಗಾಳಿ ನುಗ್ಗಿತು. ಕಂಬಳಿ ಟಗರಾಗಿ ಎದ್ದು ಗುಮ್ಮಿದ ರಭಸಕ್ಕೆ ಮಾಂತ್ರಿಕ ತರಗೆಲೆಯಾಗಿ ಹಾರಿಹೋದ. ಕರಣಿಕರೆಲ್ಲ ನಗುತ್ತ ಒಬ್ಬರ ಕೈ ಒಬ್ಬರು ಹಿಡಿದರು.

"ಹಾಗಾದರೆ ಕಟ್ಟಳೆ?" ಎಂದ ಅರಸ.

ಪದುಮಲೆ ಮಗಳನ್ನು ಸೊಂಟಕ್ಕೇರಿಸಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದಳು: "ಪ್ರಭೂ, ನಾಳೆಯಿಂದ ನಾನು ಮಣ್ಣಿನಲ್ಲಿ ಕಾಲೂರಿಯೇ ಬರೆಯುತ್ತೇನೆ."